ಹೊಳಿ ದಾಟಿಸಿದವರ ಮನೆತನ

ನಮ್ಮ ಸಹಕಾರಿ ಸಂಘವು ಇಪ್ಪತ್ತೈದು ವರ್ಷ ಪೂರೈಸಿದ ಈ ಸಂತೋಷದ ಸಂದರ್ಭದಲ್ಲಿ ಊರು ಕಟ್ಟಿದ ಹಿರಿಯರನ್ನು ನೆನೆಯುವುದು ನಮ್ಮೆಲ್ಲರ ಕರ್ತವ್ಯ. ಗೌಡರು, ಕುಲಕರ್ಣಿಯರು, ದೇಸಾಯರು ಇವರ ಮನೆತನಗಳ ಚರಿತ್ರೆ ಸನದು, ಇನಾಮು ಪತ್ರ, ದಫ್ತರಗಳಲ್ಲಿ ಸಿಗುತ್ತದೆ. ಆದರೆ ಹೊಳಿಸಾಲಿನ ಊರುಗಳಲ್ಲಿ ತಲೆತಲಾಂತರದಿಂದ ಬಲೆ ಬೀಸಿ, ಹರಗೋಲು ಹಾಕಿ, ಸಾವಿರಾರು ಜನರನ್ನು ಆಚೆ ದಂಡೆಗೆ ಮುಟ್ಟಿಸಿದ ಅಂಬಿಗರ ಮನೆತನದ ಚರಿತ್ರೆಯನ್ನು ಬರೆದಿಟ್ಟವರು ಕಡಿಮೆ. "ಹೊಳಿ ದಾಟಿದ ಮ್ಯಾಲೆ ಅಂಬಿಗನ ಹಂಗೇನು" ಅಂತ ನಮ್ಮಲ್ಲಿ ಒಂದು ಗಾದೆಮಾತು ಐತಿ. ಆ ಗಾದೆ ನಮಗೇ ತಾಗಬಾರದು ಎಂಬ ಉದ್ದೇಶದಿಂದ ಈ ಲೇಖನ.

ಮೀನುಗಾರ ಅಂದಕೂಡಲೇ ಮಂಗಳೂರು, ಮಲ್ಪೆ, ಕಾರವಾರದ ಕಡಲು ಕಣ್ಣಿಗೆ ಬರುತ್ತದೆ. ಅಲ್ಲಿ ಮೊಗವೀರರು, ಖಾರ್ವಿಗಳು, ಹರಿಕಂತ್ರರು ಇದ್ದಾರೆ. ಕಾರವಾರ ಸೀಮೆಯವರು ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸುತ್ತಾರೆ. ಬಯಲುಸೀಮೆಯ ನಮಗೆ ಕೃಷ್ಣೆಯೇ ಕಡಲು, ಗಂಗವ್ವನೇ ದೇವರು. ಇಲ್ಲಿ ಅಂಬಿಗರು, ಕಬ್ಬಲಿಗರು, ಗಂಗಾಮತಸ್ಥರು ಎಂದು ನಾನಾ ಹೆಸರು. ಅಡ್ಡಹೆಸರುಗಳೂ ಕಸಬಿನಿಂದಲೇ ಬಂದಂಥವು. ಹೊಳಿ ದಾಟಿಸಿದವರು ಅಂಬಿಗೇರರಾದರು, ಸುಣ್ಣ ಸುಟ್ಟವರು ಸುಣಗಾರರಾದರು. ಹೊಳಿಯಲ್ಲಿ ನೀರು ಇಳಿದಾಗ ಒಂದೇ ಕಸಬಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ ಎಂಬುದು ಈ ಹೆಸರುಗಳಿಂದಲೇ ತಿಳಿಯುತ್ತದೆ.

ಈ ಮನೆತನದವರು ತಮ್ಮ ಹಿರಿಯನೆಂದು ನೆನೆಯುವುದು ನಿಜಶರಣ ಅಂಬಿಗರ ಚೌಡಯ್ಯನನ್ನು. ಹನ್ನೆರಡನೆಯ ಶತಮಾನದ ಈ ಶರಣ ನಮ್ಮ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರ ಸಮಕಾಲೀನ. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಗೆ ಇರುವ ಚೌಡಯ್ಯದಾನಪುರದ ಹೆಸರಿನಲ್ಲಿಯೇ ಆತನ ನೆನಪು ಉಳಿದಿದೆ. ಉಳಿದ ಶರಣರಲ್ಲಿ ಹೆಚ್ಚಿನವರು ತಮ್ಮ ಇಷ್ಟದೈವದ ಹೆಸರನ್ನು ವಚನಕ್ಕೆ ಅಂಕಿತ ಮಾಡಿಕೊಂಡರೆ, ಚೌಡಯ್ಯ ತನ್ನ ಹೆಸರನ್ನೇ ಅಂಕಿತವಾಗಿಟ್ಟ. ಅದರಲ್ಲಿ ಕಸಬಿನ ಹೆಸರೂ ಸೇರಿತ್ತು. ಜಾತಿಯ ಜಂಭ, ತೋರಿಕೆಯ ಭಕ್ತಿ ಕಂಡರೆ ಆತ ಯಾರ ಮುಲಾಜೂ ಹಿಡಿಯದೆ ಬಿರುಸಾಗಿ ನುಡಿದ. ದುಡಿದು ತಿನ್ನುವವನಿಗೆ ತನ್ನ ಕಸಬು ಹೇಳಿಕೊಳ್ಳಲು ನಾಚಿಕೆ ಬೇಡವೆಂಬುದನ್ನು ಆ ಅಂಕಿತವೇ ಎಂಟುನೂರು ವರ್ಷಗಳಿಂದ ಸಾರುತ್ತ ಬಂದಿದೆ.

ಇನ್ನೊಂದು ಮಾತು. ಬಾಗೇವಾಡಿ ಕೃಷ್ಣೆಯ ಉತ್ತರಕ್ಕೆ, ಕೃಷ್ಣಾ ಮಲಪ್ರಭೆಯರು ಕೂಡುವ ಕೂಡಲಸಂಗಮ ದಕ್ಷಿಣದ ದಂಡೆಗೆ. ಇಲ್ಲಿಂದ ಅಲ್ಲಿಗೆ ಹೋಗುವವರು ಯಾರೇ ಇರಲಿ ಹೊಳಿ ದಾಟಲೇಬೇಕು. ಮಳೆಗಾಲದ ಕೃಷ್ಣೆಯನ್ನು ಅಂಬಿಗನಿಲ್ಲದೆ ದಾಟಿದವರುಂಟೆ? ಸಂಗಮನಾಥನ ದರ್ಶನಕ್ಕೆ ಹೋದ ಭಕ್ತರು, ಸಂತಿಗೆ ಹೊಂಟ ರೈತರು, ಗಂಡನ ಮನಿಗೆ ಹೋಗುವ ಹೆಣ್ಣುಮಕ್ಕಳು, ಎಲ್ಲರಿಗೂ ಹರಗೋಲೇ ಗತಿ.

ಈ ಹರಗೋಲು ಬಲು ಹಳೆಯದು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳನ್ನು ಕಂಡು ಬರೆದಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂಡ್ರುತ್ತಿದ್ದರಂತೆ. ನಮ್ಮ ಕಡೆಯದೂ ಅದೇ ಕಟ್ಟು. ಬಿದಿರಿನ ಹೆಣಿಗೆ, ಮೇಲೆ ತೊಗಲು, ಕೈಯಲ್ಲಿ ಹುಟ್ಟು. ತೊಗಲಿನ ಜಾಗಕ್ಕೆ ಮುಂದೆ ಡಾಂಬರು ಬಳಿದ ತಾಡಪಾಲು ಬಂತು. ದುಂಡಗಿನ ದೋಣಿ ಸೆಳವಿನಲ್ಲಿ ಗರಗರ ತಿರುಗುತ್ತದೆ. ಅದನ್ನು ಹದ್ದಿಗೆ ತಂದು ಆಚೆ ದಂಡೆಗೆ ಹಚ್ಚುವುದು ಒಂದು ದಿನದಲ್ಲಿ ಬರುವ ವಿದ್ಯೆಯಲ್ಲ. ಮಡು ಎಲ್ಲಿದೆ, ಬಂಡೆ ಎಲ್ಲಿದೆ, ಸುಳಿ ಯಾವ ನೀರಿಗೆ ಏಳುತ್ತದೆ ಎಂಬುದನ್ನು ಅಪ್ಪ ಮಗನಿಗೆ ತೋರಿಸಿಕೊಟ್ಟೇ ಬಂದದ್ದು.

ಊರವರಿಂದ ಸುಗ್ಗಿಯಲ್ಲಿ ಕಾಳು, ಪರಸ್ಥಳದವರಿಂದ ರೊಕ್ಕ, ಹಿಂಗ ಅಂಬಿಗನ ಸಂಸಾರ ನಡೆಯುತ್ತಿತ್ತು. ಗಂಡಸರು ಬಲೆ ಬೀಸಿದರೆ ಹೆಣ್ಣುಮಕ್ಕಳು ಮೀನಿನ ಬುಟ್ಟಿ ಹೊತ್ತು ಊರೂರು ತಿರುಗಿ ಮಾರಿ ಬರುತ್ತಿದ್ದರು. ಮನೆತನ ಅಂದಮೇಲೆ ಆ ತಾಯಂದಿರ ದುಡಿಮೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬ್ರಿಟಿಷರ ಕಾಲಕ್ಕೆ ನಮ್ಮ ಸೀಮೆ ಮುಂಬಯಿ ಇಲಾಖೆಯ ಕಲಾದಗಿ ಜಿಲ್ಲೆಗೆ ಸೇರಿತ್ತು. 1868ರಲ್ಲಿ ಮುಂಬಯಿ ಸರಕಾರ ದೋಣಿ ಸಾಗಾಟದ ಕಾಯ್ದೆ ಮಾಡಿತು. ತಲೆತಲಾಂತರದ ಹಕ್ಕು ಎಂದುಕೊಂಡದ್ದು ಸರಕಾರದ ಕೈಕೆಳಗೆ ಬಂತು. 1876ರಿಂದ 1878ರ ವರೆಗಿನ ಘೋರ ಬರಗಾಲ ಜಿಲ್ಲೆಯನ್ನು ಬರಿದು ಮಾಡಿತು. ಎಷ್ಟೋ ಮನೆತನಗಳು ಊರು ಬಿಟ್ಟವು. ಬರದಲ್ಲಿ ಕಾಳು ಸಾಗಿಸಲು ಅನುಕೂಲವಾಗಲೆಂದು ರೈಲು ಹಾಕುವ ಕೆಲಸಕ್ಕೆ ಜೋರು ಬಂದು, 1884ರಲ್ಲಿ ಗದಗ-ಹೊಟಗಿ ರೈಲು ಓಡಿತು. ಆಲಮಟ್ಟಿ ಸೀತಿಮನಿಗಳ ನಡುವೆ ಕೃಷ್ಣೆಗೆ ಸೇತುವೆ ಆಯಿತು. ಮರುವರ್ಷ ಜಿಲ್ಲೆಯ ಕಚೇರಿಯೂ ಕಲಾದಗಿಯಿಂದ ವಿಜಾಪುರಕ್ಕೆ ಬಂತು. ಜನರಿಗೆ ದೊಡ್ಡ ಉಪಕಾರವೇ ಆಯಿತು. ಆದರೆ ಅಂಬಿಗನ ಹುಟ್ಟಿಗೆ ಮೊದಲ ಪೆಟ್ಟು ಬಿದ್ದದ್ದೂ ಆವಾಗಲೇ. ಮುಂದೆ ರಸ್ತೆಯ ಸೇತುವೆಗಳಾದಂತೆ ಹರಗೋಲು ಮೂಲೆ ಸೇರಿತು.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆಣೆಕಟ್ಟಿನದು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. 2000ದಲ್ಲಿ ಸುಪ್ರೀಂ ಕೋರ್ಟು 519.6 ಮೀಟರಿನ ಮಟ್ಟಕ್ಕೆ ಒಪ್ಪಿಗೆ ಕೊಟ್ಟಿತು. 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣೆ ಮಾಡಿದರು. ಸುಮಾರು 123 ಟಿಎಂಸಿ ನೀರು ನಿಂತಿತು, ಬತ್ತಿದ ಹೊಲಗಳಿಗೆ ಕಾಲುವೆ ಬಂತು. ಇದು ನಮ್ಮ ಭಾಗ್ಯ. ಆದರೆ ಹಳೆಯ ಕೊಲ್ಹಾರದಂಥ ಊರುಗಳು ಹಿನ್ನೀರಿನಲ್ಲಿ ಮುಳುಗಿದವು. ಹೊಲ ಹೋದವನ ಕೈಯಲ್ಲಿ ಉತಾರವಿತ್ತು, ಅದರ ಮೇಲೆ ಪರಿಹಾರದ ಲೆಕ್ಕವಾಯಿತು. ಹೊಳಿಯ ಮೇಲೆ ದುಡಿದವನ ವಿದ್ಯೆಗೆ ಯಾವ ಉತಾರವಿತ್ತು? ಮಡು, ಬಂಡೆ, ಸುಳಿ ಎಲ್ಲವೂ ನಿಂತ ನೀರಿನ ತಳಕ್ಕೆ ಹೋದವು. ಹಿರಿಯರು ಕಲಿಸಿದ ಹೊಳಿಯೇ ಇಲ್ಲದಂತಾಯಿತು. ಈಗಿನ ಮಕ್ಕಳು ನೈಲಾನ್ ಬಲೆ ಹಿಡಿದು ಜಲಾಶಯದಲ್ಲಿ ಕಾಟ್ಲಾ, ರೋಹು ಹಿಡಿಯುತ್ತಾರೆ. ಕಸಬು ಉಳಿದಿದೆ, ಹಳೆಯ ತಿಳಿವಳಿಕೆ ಅಜ್ಜಂದಿರ ಸಂಗಡ ಹೋಗುತ್ತಿದೆ.

ಹಿಂದೆ ಮನೆತನದ ಲೆಕ್ಕ ಇಡುವ ಕೆಲಸ ಹೆಳವರದು. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಬಂದು, ಮನಿ ಮುಂದೆ ನಿಂತು, ಮೂಲ ಊರು ಯಾವುದು, ಬೆಡಗು ಯಾವುದು, ಯಾರ ಮಗ ಯಾರು, ಯಾವ ಬರದಲ್ಲಿ ಎಲ್ಲಿಂದ ಎಲ್ಲಿಗೆ ಬಂದರು ಎಂದು ಹೇಳಿ ಕಾಳು ಪಡೆದು ಹೋಗುತ್ತಿದ್ದರು. ಈಗ ಅವರ ಬರುವಿಕೆ ಅಪರೂಪ. ಊರು ಸ್ಥಳಾಂತರವಾದ ಮೇಲೆ ಹಳೆಯ ಮನಿ ಹುಡುಕಿ ಬರುವವರಿಗೆ ದಾರಿಯೂ ತಪ್ಪಿದೆ.

ಸದಸ್ಯ ಬಂಧುಗಳೇ, ನಮ್ಮ ಜಿಲ್ಲೆಯವರೇ ಆಗಿದ್ದ ಫ. ಗು. ಹಳಕಟ್ಟಿಯವರನ್ನು ಇಲ್ಲಿ ನೆನೆಯಬೇಕು. ಮನೆಮನೆಗಳಲ್ಲಿ ಬಿದ್ದಿದ್ದ ತಾಡೋಲೆಗಳನ್ನು ಕೂಡಿಸಿ 1923ರಲ್ಲಿ ಅವರು ವಚನಶಾಸ್ತ್ರಸಾರ ಪ್ರಕಟಿಸಿದರು. ವಿಜಾಪುರದಲ್ಲಿ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟುಹಾಕಿದವರೂ ಅವರೇ. ಹನಿ ಹನಿ ಕೂಡಿಸಿದರೆ ಹಣವೂ ಉಳಿಯುತ್ತದೆ, ಚರಿತ್ರೆಯೂ ಉಳಿಯುತ್ತದೆ ಎಂದು ಮಾಡಿ ತೋರಿಸಿದ ಸಹಕಾರಿ ಅವರು.

ನಮ್ಮ ಸಂಘವೂ ಇದೊಂದು ಕೆಲಸ ಕೈಗೆತ್ತಿಕೊಳ್ಳಲಿ. ಪ್ರತಿ ಸದಸ್ಯನೂ ತನ್ನ ಮನೆತನದ ಮೂರು ತಲೆಮಾರಿನ ಹೆಸರು, ತಾಯಂದಿರ ಹೆಸರು ಸಹಿತ, ಮೂಲ ಊರು, ಕಸಬು ಇಷ್ಟನ್ನು ಬರೆದು ಕೊಡಲಿ. ಸಂಘದಲ್ಲಿ ಸಾಲದ ಖಾತೆ, ಶೇರಿನ ಖಾತೆ ಇರುವಂತೆ ಮನೆತನದ ಖಾತೆಯೂ ಒಂದಿರಲಿ. ಅದರ ಮೊದಲ ಪುಟ ಹೊಳಿಸಾಲಿನ ಅಂಬಿಗರಿಗೆ ಮೀಸಲಾಗಲಿ. ಹೊಳಿ ದಾಟಿದವರು ನಾವು. ದಾಟಿಸಿದವರ ಹಂಗು ನಮ್ಮ ಮೇಲೆ ಇನ್ನೂ ಐತಿ.