ಅರಿಝೋನಾದ ಮೂಲನಿವಾಸಿಗಳು ಮತ್ತು ಉಣುಗು ಜ್ವರ

ರಾಕಿ ಮೌಂಟನ್ ಸ್ಪಾಟೆಡ್ ಫೀವರ್ ಎಂಬುದು ಉಣುಗಿನ ಕಡಿತದಿಂದ ಬರುವ ಮಾರಕ ಜ್ವರ. ರಿಕೆಟ್ಸಿಯಾ ರಿಕೆಟ್ಸಿ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಮಲೆನಾಡಿನ ಮಂಗನಕಾಯಿಲೆಯೂ ಉಣುಗಿನಿಂದಲೇ ಬರುತ್ತದಾದರೂ ಅದು ವೈರಾಣುಜನ್ಯ. ಅದಕ್ಕೆ ನಿರ್ದಿಷ್ಟ ಔಷಧವಿಲ್ಲ. ಇದಕ್ಕೆ ಔಷಧವಿದೆ. ಆದರೂ ಸಾವುಗಳು ಸಂಭವಿಸಿವೆ.

ಅಮೆರಿಕದಲ್ಲಿ ಈ ರೋಗವನ್ನು ಹರಡುತ್ತಿದ್ದುದು ಬಹುತೇಕ ಕಾಡು, ಹುಲ್ಲುಗಾವಲುಗಳ ಉಣುಗು. ಅರಿಝೋನಾ ರಾಜ್ಯದ ಪೂರ್ವಭಾಗದಲ್ಲಿ 2002ರಿಂದ 2004ರ ನಡುವೆ 16 ಮಂದಿಗೆ ರೋಗ ತಗುಲಿದಾಗ ಪತ್ತೆಯಾದ ವಾಹಕ ಬೇರೆಯೇ ಆಗಿತ್ತು: ಅಂಗಳದ ಕಂದು ನಾಯಿ ಉಣುಗು. ರೋಗಿಗಳಲ್ಲಿ 13 ಮಂದಿ 12 ವರ್ಷ ಮೀರದ ಮಕ್ಕಳು; ಒಟ್ಟು ಇಬ್ಬರು ಮೃತಪಟ್ಟರು. ಮೂಲನಿವಾಸಿಗಳ ವಸತಿಗಳಲ್ಲಿ ನಾಯಿಗಳು ಕಟ್ಟಿಲ್ಲದೆ ತಿರುಗುತ್ತವೆ, ಪಶುವೈದ್ಯ ಸೇವೆ ವಿರಳ. ಅಂಗಳದ ಮಣ್ಣು, ಗೋಡೆಯ ಬಿರುಕು, ಹೊರಗೆಸೆದ ಹಳೆಯ ಸೋಫಾ, ಇವೆಲ್ಲ ಉಣುಗಿನ ನೆಲೆ. ಮಕ್ಕಳು ಆಡುವುದೂ ಅಲ್ಲಿಯೇ.

ಡಾಕ್ಸಿಸೈಕ್ಲಿನ್ ಮಾತ್ರೆಯನ್ನು ಜ್ವರ ಬಂದ ಮೊದಲ ಐದು ದಿನಗಳೊಳಗೆ ಆರಂಭಿಸಬೇಕು. ಮೈಮೇಲಿನ ಕೆಂಪು ಚುಕ್ಕೆಗಳಿಗಾಗಿಯೋ ರಕ್ತಪರೀಕ್ಷೆಯ ವರದಿಗಾಗಿಯೋ ಕಾದರೆ ಕಾಲ ಮಿಂಚಿರುತ್ತದೆ. ಎಳೆಯ ಮಕ್ಕಳ ಹಲ್ಲಿಗೆ ಕಲೆ ಬೀಳುವುದೆಂಬ ಹಳೆಯ ಅಂಜಿಕೆಯಿಂದ ವೈದ್ಯರು ಹಿಂಜರಿಯುವುದುಂಟು. ಎಂಟು ವರ್ಷದೊಳಗೆ ಈ ಔಷಧ ಪಡೆದ ಮೂಲನಿವಾಸಿ ಮಕ್ಕಳ ಹಲ್ಲುಗಳನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಕಲೆ ಕಂಡುಬರಲಿಲ್ಲ.

2012ರಲ್ಲಿ ಒಂದು ವಸತಿಯ ನಾಯಿಗಳಿಗೆಲ್ಲ ಉಣುಗುನಾಶಕ ಕೊರಳಪಟ್ಟಿ ತೊಡಿಸಿ, ಮನೆಗಳ ಸುತ್ತ ಕೀಟನಾಶಕ ಸಿಂಪಡಿಸಲಾಯಿತು. ಆಗಸ್ಟ್ ವೇಳೆಗೆ ಅಲ್ಲಿ ಶೇ 1ಕ್ಕಿಂತ ಕಡಿಮೆ ನಾಯಿಗಳ ಮೈಮೇಲೆ ಉಣುಗು ಕಂಡುಬಂತು. ಯೋಜನೆ ಇಲ್ಲದ ಇನ್ನೊಂದು ವಸತಿಯಲ್ಲಿ ಈ ಪ್ರಮಾಣ ಶೇ 64. ಆದರೆ ಕೊರಳಪಟ್ಟಿಯ ಪರಿಣಾಮ ಕೆಲವು ತಿಂಗಳಷ್ಟೇ. ಬದಲಿಸದಿದ್ದರೆ ಉಣುಗು ಮರಳುತ್ತದೆ.