ಸೀಗಡಿಯ ಬಲೆಯಲ್ಲಿ ಬೇರೆ ಮೀನು

ಕ್ರಿ.ಶ. 1376ರಲ್ಲಿ ಇಂಗ್ಲೆಂಡಿನ ದೊರೆ ಮೂರನೇ ಎಡ್ವರ್ಡನ ಮುಂದೆ ಒಂದು ದೂರು ಬಂತು. ಕೆಲವು ಬೆಸ್ತರು ಕಿರಿಗಣ್ಣಿನ ಹೊಸ ಬಲೆಯೊಂದನ್ನು ನೀರಿನ ತಳದಲ್ಲಿ ಎಳೆಯುತ್ತಿದ್ದಾರೆ. ಸಿಕ್ಕ ಮರಿಮೀನನ್ನು ಏನು ಮಾಡಬೇಕೆಂದು ತಿಳಿಯದೆ ಹಂದಿಗಳಿಗೆ ಹಾಕುತ್ತಿದ್ದಾರೆ ಎಂಬುದು ಅದರ ಸಾರ. ಇಂದಿನ ಟ್ರಾಲ್ ಬಲೆಯ ಪೂರ್ವಜನ ಮೇಲೆ ಬಂದ ಮೊದಲ ದೂರುಗಳಲ್ಲಿ ಇದೂ ಒಂದು. ಆರು ಶತಮಾನಗಳ ನಂತರ ಅದೇ ಬಗೆಯ ದೂರು ನಮ್ಮ ಕರಾವಳಿಯಲ್ಲೂ ಕೇಳಿಬಂತು.

ಕನ್ನಡ ಕರಾವಳಿಯ ಹಳೆಯ ಬಲೆ ರಂಪಣಿ. ದಡದ ಸಮೀಪ ಬಂದ ಬಂಗಡೆ, ಬೂತಾಯಿಗಳ ಹಿಂಡನ್ನು ಸುತ್ತುವರಿದು ಹತ್ತಾರು ಮಂದಿ ಸೇರಿ ಎಳೆದು, ಬಂದದ್ದನ್ನು ಪಾಲು ಮಾಡಿಕೊಳ್ಳುತ್ತಿದ್ದರು. ಬೂತಾಯಿ ಅತಿಯಾದ ವರ್ಷ ಎಣ್ಣೆ ತೆಗೆಯುತ್ತಿದ್ದರು. ತೆಂಗಿನ ಬುಡಕ್ಕೂ ಹಾಕುತ್ತಿದ್ದರು. 1950ರ ದಶಕದಲ್ಲಿ ಕೇರಳದಲ್ಲಿ ಆರಂಭವಾದ ಭಾರತ–ನಾರ್ವೆ ಯೋಜನೆ ಯಂತ್ರದ ದೋಣಿಗೆ ದಾರಿ ತೆರೆಯಿತು. ಅಮೆರಿಕ, ಜಪಾನ್‌ಗಳಲ್ಲಿ ಸೀಗಡಿಗೆ ಬೆಲೆ ಬಂದಂತೆ ಮಂಗಳೂರು, ಮಲ್ಪೆಗಳಲ್ಲೂ ಟ್ರಾಲ್ ಬೋಟುಗಳು ಹೆಚ್ಚಿದವು. 1970ರ ದಶಕದ ನಡುವೆ ಬಂದ ಪರ್ಸೀನ್ ಬಲೆ ರಂಪಣಿಯನ್ನು ಮೂಲೆಗೆ ತಳ್ಳಿತು.

ಸೀಗಡಿಯ ವಾಸ ಕೆಸರು ತಳದಲ್ಲಿ. ಅದು ಚಿಕ್ಕ ಜೀವಿ. ಆದ್ದರಿಂದ ಟ್ರಾಲ್ ಬಲೆಯ ಕೊನೆಯ ಚೀಲದ ಕಣ್ಣೂ ಕಿರಿದು. ಅದೇ ತಳದಲ್ಲಿ ನಂಗು, ಏಡಿ, ಬೊಂಡಾಸ, ಇತರ ಮೀನುಗಳ ಮರಿಗಳೂ ಇರುತ್ತವೆ. ಬಲೆಗೆ ಇವುಗಳ ಭೇದ ತಿಳಿಯದು. ಎಳೆತಕ್ಕೆ ವಜ್ರಾಕಾರದ ಕಣ್ಣುಗಳು ಮುಚ್ಚಿಕೊಳ್ಳುವುದರಿಂದ ಮರಿಗಳಿಗೆ ತಪ್ಪಿಸಿಕೊಳ್ಳುವ ದಾರಿಯೂ ಇಲ್ಲ. ಹಲವು ದಿನ ಕಡಲಲ್ಲೇ ಉಳಿಯುವ ಬೋಟಿನಲ್ಲಿ ಮಂಜುಗಡ್ಡೆಗೂ ಜಾಗಕ್ಕೂ ಮಿತಿ ಇದೆ. ಹಾಗಾಗಿ ಬೆಲೆಯಿಲ್ಲದ ಮೀನನ್ನು ಕಡಲಿಗೇ ಎಸೆಯುವುದು ರೂಢಿಯಾಯಿತು. ಹಾಗೆ ಎಸೆದವುಗಳಲ್ಲಿ ಬದುಕುವವು ಕಡಿಮೆ.

ಇದು ನಮ್ಮೊಬ್ಬರ ಕಥೆಯಲ್ಲ. ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 2.7 ಕೋಟಿ ಟನ್ ಮೀನು ಹೀಗೆ ಎಸೆಯಲ್ಪಡುತ್ತಿದೆ, ಅದರಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಸೀಗಡಿ ಟ್ರಾಲಿಂಗಿನದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1994ರಲ್ಲಿ ಪ್ರಕಟಿಸಿದ ಅಂದಾಜು ಹೇಳಿತು. 2019ರ ಅಂದಾಜು 91 ಲಕ್ಷ ಟನ್. ಲೆಕ್ಕದ ಕ್ರಮ ಬೇರೆಯಾದ್ದರಿಂದ ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಆದರೂ ಎಸೆತ ಕಡಿಮೆಯಾದದ್ದು ನಿಜ.

ಇದಕ್ಕೆ ಹಿಗ್ಗುವ ಮೊದಲು ಕಾರಣ ನೋಡಬೇಕು. ಎಸೆಯುತ್ತಿದ್ದ ಮೀನಿಗೆ ಗಿರಾಕಿ ಹುಟ್ಟಿದ. ಮಂಗಳೂರು, ಉಡುಪಿ ಕಡೆಯ ಮೀನುಹಿಟ್ಟಿನ ಕಾರ್ಖಾನೆಗಳು ಮರಿಮೀನನ್ನೂ ಕೊಂಡವು. ಈ ಹಿಟ್ಟು ಕೋಳಿಗಳಿಗೂ ಕೆರೆಯಲ್ಲಿ ಸಾಕುವ ಸೀಗಡಿಗೂ ಮೇವು. ಸಮುದ್ರ ಕಾಣದ ಯಲಹಂಕ, ಹೆಬ್ಬಾಳದವರ ಮೊಟ್ಟೆಯ ಹಿಂದೆಯೂ ಈ ಮೀನು ಇರಬಹುದು. ಎಡ್ವರ್ಡನ ಕಾಲದ ಹಂದಿಯ ಜಾಗಕ್ಕೆ ಕೋಳಿ ಬಂದಿದೆ, ಅಷ್ಟೆ. ಮರಿ ಸಾಯುವುದು ನಿಂತಿಲ್ಲ.

1986ರ ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆಯ ಬಲ ಸರ್ಕಾರಕ್ಕಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ಬೋಟುಗಳಿಗೆ 61 ದಿನಗಳ ರಜೆಯಿದೆ. ಎಳೆದರೂ ಮುಚ್ಚಿಕೊಳ್ಳದ 35 ಮಿ.ಮೀ. ಚೌಕ ಕಣ್ಣಿನ ಚೀಲವನ್ನೂ ವಿಜ್ಞಾನಿಗಳು ಸಿದ್ಧಪಡಿಸಿದ್ದಾರೆ. ಆದರೆ ಅದನ್ನು ಕಟ್ಟಿದ ಬೋಟಿಗೆ ಅಂದಿನ ಆದಾಯ ತುಸು ಇಳಿಯುತ್ತದೆ. ಪಕ್ಕದ ಬೋಟು ಕಟ್ಟದಿದ್ದರೆ ಉಳಿದ ಮರಿಯೂ ಅದರ ಪಾಲು. ಆದ್ದರಿಂದ ಒಬ್ಬಿಬ್ಬರ ಸಂಯಮದಿಂದ ಇದು ಆಗದು, ಇಡೀ ಬಂದರು ಒಪ್ಪಬೇಕು. ಇಂದು ಕಿಲೋ ಲೆಕ್ಕದಲ್ಲಿ ಹಿಟ್ಟಿಗೆ ಹೋಗುವ ಮರಿ, ಕೆಲವು ತಿಂಗಳು ಬದುಕಿದ್ದರೆ ಅದೇ ಮೀನುಗಾರನಿಗೆ ಹಲವು ಪಟ್ಟು ಬೆಲೆ ತರುತ್ತಿತ್ತು.