ಪಂಪಿನ ಸ್ಕ್ರೂ ಯಾರ ಕೈಯಲ್ಲಿತ್ತು?

ದಾವಣಗೆರೆಯ ಪಿ.ಬಿ. ರಸ್ತೆ ಅಂದರೆ ಪೂನಾ-ಬೆಂಗಳೂರು ರಸ್ತೆ. ಬೈಪಾಸ್ ಆಗುವ ಮೊದಲು ಪುಣೆ ಕಡೆಯ ಲಾರಿಗಳು ಹರಿಹರದಲ್ಲಿ ತುಂಗಭದ್ರೆ ದಾಟಿ, ದಾವಣಗೆರೆ ಊರೊಳಗೇ ಹಾದು ಚಿತ್ರದುರ್ಗದ ಕಡೆ ಹೋಗುತ್ತಿದ್ದವು. ಇಂಥ ರಸ್ತೆ ಪಕ್ಕ ಗ್ಯಾರೇಜು ಹುಟ್ಟುವುದು ಸಹಜ. ಆದರೆ ಡೀಸೆಲ್ ಪಂಪ್ ರಿಪೇರಿ ಅಂಗಡಿ ಉಳಿದ ಗ್ಯಾರೇಜಿನ ಹಾಗಲ್ಲ. ಅಲ್ಲಿ ಧೂಳು ಬರದ ಹಾಗೆ ಬಾಗಿಲು ಹಾಕಿಕೊಂಡ ಒಂದು ಕೋಣೆ, ಕೋಣೆಯಲ್ಲಿ ಒಂದು ಟೆಸ್ಟ್ ಬೆಂಚು, ಬೆಂಚಿನ ಮೇಲೆ ಸಾಲಾಗಿ ಗಾಜಿನ ಅಳತೆ ಕೊಳವೆಗಳು ಇರುತ್ತವೆ. ಲಾರಿ ಎಷ್ಟು ಎಳೆಯಬೇಕು, ಎಷ್ಟು ಹೊಗೆ ಬಿಡಬೇಕು ಅನ್ನುವುದು ಬಹಳ ವರ್ಷ ಆ ಕೊಳವೆಗಳ ಮುಂದೆ ತೀರ್ಮಾನವಾಗುತ್ತಿತ್ತು.

ಲೆಕ್ಕ ಸರಳ, ಒಂದು ಸಲ ಮಾಡಿ ನೋಡೋಣ. ಟಾಟಾದ ಹಳೆಯ 697 ಇಂಜಿನ್ ನಿಮಗೆ ಗೊತ್ತಿರಬಹುದು. 6 ಸಿಲಿಂಡರ್, ಒಂದೊಂದರ ಅಗಲ 97 ಮಿಲಿಮೀಟರ್, ಅದಕ್ಕೇ 697. ಒಂದು ಸಿಲಿಂಡರ್ ಒಂದು ಸಲ ಉಸಿರೆಳೆದರೆ ಒಳಗೆ ಬರುವ ಗಾಳಿಯ ತೂಕ ಸುಮಾರು 1 ಗ್ರಾಂ. ಒಂದು ಗ್ರಾಂ ಡೀಸೆಲ್ ಉರಿಯಲು ಹತ್ತಿರಹತ್ತಿರ 14.5 ಗ್ರಾಂ ಗಾಳಿ ಬೇಕು. ಅದು ಪುಸ್ತಕದ ಲೆಕ್ಕ. ಇಂಜಿನ್ ಒಳಗಿನ ಅವಸರದಲ್ಲಿ ಗಾಳಿ ಮತ್ತು ಡೀಸೆಲ್ ಪೂರ್ತಿ ಬೆರೆಯುವುದಿಲ್ಲ. ಕರಿ ಹೊಗೆ ಬಾರದಿರಬೇಕಾದರೆ 20 ಗ್ರಾಂ ಗಾಳಿಯಾದರೂ ಇರಲಿ ಅನ್ನಿ. ಅಲ್ಲಿಗೆ 1 ಗ್ರಾಂ ಗಾಳಿಗೆ ಡೀಸೆಲ್ 50 ಮಿಲಿಗ್ರಾಂ, ಒಂದು ಹನಿಗೆ ಹತ್ತಿರ. ಅಷ್ಟು ಸಣ್ಣದನ್ನು ಅಳೆಯುವುದು ಹೇಗೆ? ಪಂಪನ್ನು ಬೆಂಚಿಗೆ ಕಟ್ಟಿ 1000 ಸಲ ಹೊಡೆಸುತ್ತಾರೆ. ಗಾಜಿನ ಕೊಳವೆಯಲ್ಲಿ ಸುಮಾರು 60 ಸಿಸಿ ನಿಲ್ಲುತ್ತದೆ. ಆರೂ ಕೊಳವೆಯಲ್ಲಿ ಮಟ್ಟ ಒಂದೇ ಬರಬೇಕು. ಆಮೇಲೆ ಫುಲ್ ಲೋಡ್ ಸ್ಕ್ರೂ ಬಿಗಿಮಾಡಿ, ತಂತಿ ಪೋಣಿಸಿ, ಸೀಸದ ಸೀಲು ಒತ್ತುತ್ತಾರೆ. ಡ್ರೈವರ್ ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಆ ಸ್ಕ್ರೂ ಬಿಟ್ಟಷ್ಟೇ ಡೀಸೆಲ್.

ಈ ಪಂಪಿನ ಮೂಲ ಜರ್ಮನಿ. ರಾಬರ್ಟ್ ಬಾಷ್ ಕಂಪನಿ 1927ರಲ್ಲಿ ಡೀಸೆಲ್ ಇಂಜೆಕ್ಷನ್ ಪಂಪನ್ನು ದೊಡ್ಡ ಪ್ರಮಾಣದಲ್ಲಿ ಮಾಡಲು ಶುರುಮಾಡಿತು. ನಮ್ಮಲ್ಲಿ 1951ರಲ್ಲಿ ಹುಟ್ಟಿದ ಮೈಕೊ ಅದನ್ನು ಬೆಂಗಳೂರಿನ ಆಡುಗೋಡಿಯಲ್ಲಿ ತಯಾರಿಸಿತು. 2008ರಲ್ಲಿ ಹೆಸರು ಬಾಷ್ ಎಂದು ಬದಲಾದರೂ ಹಳಬರ ಬಾಯಲ್ಲಿ ಇವತ್ತಿಗೂ ‘ಮೈಕೊ ಪಂಪ್’. ಪಂಪಿನ ಒಳಗಿನ ಎಲಿಮೆಂಟು ಮತ್ತು ಅದರ ಬ್ಯಾರೆಲ್ ನಡುವಿನ ಸಂದು ಎರಡು-ಮೂರು ಮೈಕ್ರಾನ್, ನಮ್ಮ ಕೂದಲೆಳೆಯ ದಪ್ಪದಲ್ಲಿ ಇಪ್ಪತ್ತರಲ್ಲಿ ಒಂದು ಭಾಗ.

ಇಂಥ ಅಳತೆ ಈ ಸೀಮೆಗೆ ಹೊಸದೇನಲ್ಲ. ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಮಷಿನ್ ಮಾಡುತ್ತಿತ್ತು. (ಹೆಸರು ಒಂದೇ ಆದ್ದರಿಂದ ಗೊಂದಲ ಬೇಡ. ನಿಮ್ಮ ಅಜ್ಜನ ಬಾವಿಯ ಮೇಲಿದ್ದ ಕಿರ್ಲೋಸ್ಕರ್ ಆಯಿಲ್ ಇಂಜಿನ್ ಪುಣೆಯ ಕಂಪನಿಯದು, ಹರಿಹರದ್ದಲ್ಲ.) ಲೇತ್ ಮಾಡುವ ಊರಲ್ಲಿ ಮೈಕ್ರೋಮೀಟರ್ ಹಿಡಿಯುವ ಕೈಗಳಿಗೆ ಬರವಿರಲಿಲ್ಲ. ಈ ಶತಮಾನದ ಆರಂಭದ ವರ್ಷಗಳಲ್ಲಿ ಕಾರ್ಖಾನೆ ನಿಂತುಹೋಯಿತು. ಆ ಕಥೆ ಇನ್ನೊಮ್ಮೆ.

ಟರ್ಬೊ ಬಂದ ಮೇಲೆ ಲೆಕ್ಕ ಬದಲಾಯಿತು. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಆಲ್ಫ್ರೆಡ್ ಬ್ಯುಖಿ 1905ರಲ್ಲೇ ಇದಕ್ಕೆ ಪೇಟೆಂಟ್ ಕೇಳಿದ್ದ. ಸೈಲೆನ್ಸರ್ ಕಡೆ ಹೋಗುವ ಬಿಸಿ ಹೊಗೆಯಿಂದಲೇ ಒಂದು ಚಕ್ರ ತಿರುಗಿಸಿ, ಆ ಚಕ್ರದಿಂದ ಹೊರಗಿನ ಗಾಳಿಯನ್ನು ಇಂಜಿನ್ನಿಗೆ ಒತ್ತಿ ತುಂಬುವುದು. ಲಾರಿ ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿನ ಹತ್ತಿರ ತಿರುಗಬಲ್ಲದು. ಜಮ್ಶೆಡ್‌ಪುರದಲ್ಲಿ 1993ರಲ್ಲಿ ಟಾಟಾ ಕಮಿನ್ಸ್ ಕಂಪನಿ ಆದ ಮೇಲೆ ನಮ್ಮ ಹೆದ್ದಾರಿಯಲ್ಲಿ ಟರ್ಬೊ ಲಾರಿಗಳು ಹೆಚ್ಚಿದವು. ಅದೇ ಗಾತ್ರದ ಸಿಲಿಂಡರಿಗೆ ಒಂದರ ಬದಲು ಒಂದೂವರೆ, ಎರಡು ಗ್ರಾಂ ಗಾಳಿ. ಹಾಗಾದರೆ ಡೀಸೆಲ್ ಕೂಡ ಅಷ್ಟೇ ಹೆಚ್ಚು ಕೊಡಬಹುದು, ಎಳೆತವೂ ಹೆಚ್ಚು.

ಆದರೆ ಟರ್ಬೊ ಗಾಳಿ ತಡವಾಗಿ ಬರುತ್ತದೆ. ಲಾರಿ ನಿಂತಲ್ಲಿಂದ ಹೊರಡುವಾಗ ಹೊಗೆಯ ಒತ್ತಡ ಕಡಿಮೆ, ಚಕ್ರ ನಿಧಾನ. ಆಗಲೇ ಎರಡು ಗ್ರಾಂ ಗಾಳಿಯ ಲೆಕ್ಕದ ಡೀಸೆಲ್ ಸುರಿದರೆ ಹಿಂದೆ ಬರುವ ಬೈಕಿನವನ ಮುಖಕ್ಕೆ ಮಸಿ. ಅದಕ್ಕೆ ಪಂಪಿಗೆ ಒಂದು ಡಬ್ಬಿ ಕೂಡಿಸಿದರು. ಜರ್ಮನ್ ಹೆಸರಿನ ಮೊದಲಕ್ಷರ ಹಿಡಿದು ಎಲ್‌ಡಿಎ ಅನ್ನುತ್ತಾರೆ. ಒಳಗೆ ಒಂದು ಡಯಾಫ್ರಾಂ, ಒಂದು ಸ್ಪ್ರಿಂಗ್. ಇಂಜಿನ್ನಿಗೆ ಹೋಗುವ ಗಾಳಿಯಿಂದ ಅದಕ್ಕೊಂದು ಸಣ್ಣ ಪೈಪು. ಗಾಳಿಯ ಒತ್ತಡ ಏರಿದಷ್ಟೇ ಡಯಾಫ್ರಾಂ ಜರುಗಿ ಡೀಸೆಲ್ ಬಿಡುತ್ತದೆ. ‘ಗಾಳಿ ಬರಲಿ, ತಡಿ’ ಅಂತ ಡ್ರೈವರಿನ ಕಾಲಿಗೆ ಹೇಳುವ ಡಬ್ಬಿ ಅದು.

ನನಗೆ ಈ ಇತಿಹಾಸದಲ್ಲಿ ಎಲ್ಲಕ್ಕಿಂತ ಕುತೂಹಲದ ಭಾಗ ಇದೇ, ಯಾಕೆಂದರೆ ಗ್ಯಾರೇಜಿನ ಅರ್ಧ ಜಗಳಕ್ಕೆ ಈ ಡಬ್ಬಿ ಕಾರಣ. ಟರ್ಬೊದಿಂದ ಇಂಜಿನ್ನಿಗೆ ಗಾಳಿ ಒಯ್ಯುವ ರಬ್ಬರ್ ಹೋಸ್ ಎಲ್ಲೋ ಸೀಳಿರುತ್ತದೆ. ಗಾಳಿ ಸೋರುತ್ತದೆ, ಒತ್ತಡ ಏರುವುದಿಲ್ಲ, ಡಬ್ಬಿ ತನ್ನ ಕೆಲಸ ತಾನು ಮಾಡಿ ಡೀಸೆಲ್ ತಡೆಯುತ್ತದೆ. ಚಿತ್ರದುರ್ಗದ ಏರಿನಲ್ಲಿ ಲೋಡ್ ಲಾರಿ ಮುಕ್ಕರಿಯುತ್ತದೆ. ‘ಪಂಪ್ ಹೋಗೈತಿ, ಸ್ವಲ್ಪ ಜಾಸ್ತಿ ಬಿಡ್ರಿ’ ಎಂದು ಬರುತ್ತಾರೆ. ಒಳ್ಳೆಯ ಮಿಸ್ತ್ರಿ ಮೊದಲು ಹೋಸ್ ಮುಟ್ಟಿ ನೋಡುತ್ತಾನೆ. ಅವಸರದವನು ಸೀಲು ಒಡೆದು ಸ್ಕ್ರೂ ತಿರುಗಿಸುತ್ತಾನೆ. ಲಾರಿ ಎಳೆಯುತ್ತದೆ, ಸುಳ್ಳಲ್ಲ. ಜೊತೆಗೆ ಕರಿ ಹೊಗೆ, ಸುಡುವ ಸೈಲೆನ್ಸರ್. ಪಿಸ್ಟನ್ ಅಲ್ಯೂಮಿನಿಯಂ ಮಿಶ್ರಲೋಹದ್ದು. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಹೊರಗೆ ಬರುವ ಹೊಗೆಯೇ ಏರಿನಲ್ಲಿ ಅದಕ್ಕೂ ಮೇಲೆ ಹೋಗಬಲ್ಲದು. ಆಯಿಲ್ ತಂಪು ಮಾಡುತ್ತಿರುವುದರಿಂದ ಪಿಸ್ಟನ್ ಉಳಿದಿರುತ್ತದೆ ಅಷ್ಟೆ. ಹೆಚ್ಚಿನ ಡೀಸೆಲ್ ಆ ಅಂಚನ್ನೂ ತಿನ್ನುತ್ತದೆ.

ಸರ್ಕಾರ ಈ ಸ್ಕ್ರೂ ಮೇಲೆ ಕಣ್ಣಿಟ್ಟದ್ದು ಹೊಗೆಯ ಕಾರಣಕ್ಕೆ. 1989ರ ಮೋಟಾರು ವಾಹನ ನಿಯಮಗಳಲ್ಲಿ ಹೊಗೆಯ ಮಿತಿ 65 ಹಾರ್ಟ್ರಿಡ್ಜ್. ಗಾಡಿ ನಿಲ್ಲಿಸಿ, ನ್ಯೂಟ್ರಲ್‌ನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಹೊಗೆ ಅಳೆಯುವ ಪರೀಕ್ಷೆ ಅದು. ನಂತರ ಬಿಎಸ್ ನಿಯಮಗಳು ಒಂದೊಂದಾಗಿ ಬಂದವು. 2017ರ ಏಪ್ರಿಲ್‌ನಲ್ಲಿ ದೇಶಪೂರ್ತಿ ಬಿಎಸ್-4, 2020ರ ಏಪ್ರಿಲ್‌ನಲ್ಲಿ ಬಿಎಸ್-6. ಹೊಸ ಲಾರಿಯ ಕಾಮನ್ ರೈಲ್ ಪಂಪಿನಲ್ಲಿ ತಿರುಗಿಸಲು ಅಂಥ ಸ್ಕ್ರೂ ಇಲ್ಲ. ಸೆನ್ಸರ್ ಗಾಳಿಯ ಒತ್ತಡ, ಬಿಸಿ ಅಳೆಯುತ್ತದೆ. ಇಷ್ಟು ಗಾಳಿಗೆ ಇಷ್ಟೇ ಡೀಸೆಲ್ ಎಂದು ಕಂಪ್ಯೂಟರ್ ಹೇಳುತ್ತದೆ. ಲೆಕ್ಕ ಅದೇ, ಗಾಜಿನ ಕೊಳವೆಯದು. ಬರೆಯುವ ಕೈ ಮಾತ್ರ ಪಿ.ಬಿ. ರಸ್ತೆಯಲ್ಲಿಲ್ಲ. ಹಳೆಯ ಬೆಂಚಿನ ಮೇಲೆ ಈ ಇಂಜೆಕ್ಟರ್ ಪರೀಕ್ಷಿಸಲು ಬರುವುದಿಲ್ಲ, ಹೊಸ ಬೆಂಚಿನ ಬೆಲೆ ಸಣ್ಣ ಅಂಗಡಿಗೆ ಎಟುಕುವಂಥದ್ದಲ್ಲ. ಲ್ಯಾಪ್‌ಟಾಪ್ ಹಚ್ಚಿ ಆ ಲೆಕ್ಕವನ್ನೂ ತಿದ್ದಿಕೊಡುವವರು ಈಗ ಇದ್ದಾರೆ. ಬಿಎಸ್-6 ಗಾಡಿಯಲ್ಲಿ ಆ ಮಸಿ ಹೊರಗೆ ಬಾರದೆ ಫಿಲ್ಟರಿನಲ್ಲೇ ಕಟ್ಟಿಕೊಳ್ಳುತ್ತದೆ.

ಹಳೆಯ ಸ್ಕ್ರೂ ಇನ್ನೂ ಉಳಿದಿರುವುದು ನಮ್ಮ ಹಳ್ಳಿಗಳಲ್ಲಿ. 50 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ನಿಯಮ ಬಂದಿದೆ. ಹರಿಹರದ ಭದ್ರಾ ಚಾನಲ್ ಗದ್ದೆಗಳಲ್ಲಿ ಕೆಸರು ಹೊಡೆಯುವ ಬಹುಪಾಲು ಟ್ರ್ಯಾಕ್ಟರು ಅದಕ್ಕಿಂತ ಸಣ್ಣವು ಅಥವಾ ಹಳೆಯವು. ರೊಟವೇಟರ್ ಕಟ್ಟಿ ಕೆಸರಿಗಿಳಿದರೆ ಗಂಟೆಗಟ್ಟಲೆ ಬಿಡುವಿಲ್ಲದ ಲೋಡು. ಲಾರಿಗಾದರೂ ಏರು ಮುಗಿದರೆ ಇಳಿಜಾರು ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ನೋಡಲು ಹೋದಾಗ ಟೈರ್, ಬಣ್ಣ ನೋಡುವ ಮೊದಲು ಬಗ್ಗಿ ಪಂಪಿನ ಪಕ್ಕ ನೋಡಿ. ಸ್ಕ್ರೂಗೆ ಹಾಕಿದ ಸೀಲು ಹಾಗೇ ಇದೆಯೋ, ತಂತಿ ಕತ್ತರಿಸಿದೆಯೋ. ಕತ್ತರಿಸಿದ್ದರೆ, ಆಮೇಲೆ ಯಾವ ಬೆಂಚಿಗೆ ಕಟ್ಟಿಸಿದ್ದೀರಿ ಎಂದು ಮಾರುವವರನ್ನು ಕೇಳಿ.